ಹೋದವರ ಪಾಸ್‌ವರ್ಡ್

ಕಾರವಾರದಿಂದ ಅಂಕೋಲೆಯ ಕಡೆ ಹೊರಟು ಹೆದ್ದಾರಿಯ ಸುರಂಗ ದಾಟಿದರೆ ಬಿಣಗಾ. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ತೆಗೆಯುವ ಕಾರ್ಖಾನೆ ಇಲ್ಲಿದೆ. ಈ ಬಗೆಯ ಕಾರ್ಖಾನೆಯಲ್ಲಿ ಸೋಡಾದ ಜೊತೆಗೇ ಕ್ಲೋರಿನ್ ಅನಿಲವೂ ಹುಟ್ಟುತ್ತದೆ. ತುಸು ಮುಂದೆ ಹೋದರೆ ಅರಗಾ, ನೌಕಾನೆಲೆಯ ಗೋಡೆ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ ಸೀಬರ್ಡ್ ಯೋಜನೆ 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂಬ ಹೆಸರು ಹೊತ್ತು ಸೇವೆಗೆ ಸೇರಿತು. ಇದೇ ತಾಲ್ಲೂಕಿನ ಒಳನಾಡಿನಲ್ಲಿ, ಕಾಳಿ ನದಿಯ ದಂಡೆಗೆ, ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳ ಕೈಗಾ ಅಣು ವಿದ್ಯುತ್ ಸ್ಥಾವರ. ಹೀಗಾಗಿ ಈ ಭಾಗದ ಜನರಿಗೆ ಗೇಟು, ಪಾಸು, ತಪಾಸಣೆ ಹೊಸದಲ್ಲ. ನೀನು ಯಾರು, ಎಲ್ಲಿಯ ತನಕ ಹೋಗಬಹುದು, ಎಷ್ಟು ಹೊತ್ತಿಗೆ ಒಳಗೆ ಹೋದೆ ಎಂಬ ಮೂರು ಪ್ರಶ್ನೆ ಕೇಳದೆ ಯಾವ ಗೇಟೂ ಯಾರನ್ನೂ ಒಳಗೆ ಬಿಡುವುದಿಲ್ಲ. ಕಟ್ಟಡದ ಒಳಗೆ, ಗೋಡೆಗೆ ತೂಗುಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಹಸಿರು ದೀಪ ಮಿನುಗಿಸುತ್ತ ಕೂತಿರುವ ಸ್ವಿಚ್ಚು ಮತ್ತು ರೂಟರುಗಳಿಗೂ ಇಂಥದ್ದೇ ಗೇಟು ಬೇಕು. ಹೊರಗಿನ ಗೇಟಿನ ಮೇಲೆ ಸುರಿಯುವ ಹಣದ ಸಣ್ಣ ಪಾಲೂ ಈ ಒಳಗೇಟಿನ ಮೇಲೆ ಬೀಳುವುದು ಅಪರೂಪ.

ನೆಟ್‌ವರ್ಕ್ ಉಪಕರಣ ಅಂದರೆ ಮೂಲತಃ ಒಂದು ಕಂಪ್ಯೂಟರೇ. ಅದಕ್ಕೂ ಲಾಗಿನ್ ಇದೆ, ಅದಕ್ಕೂ ಅಪ್ಪಣೆ ಕೊಡಬಹುದು. ಯಾವ ಯಂತ್ರ ಯಾವ ಯಂತ್ರದೊಡನೆ ಮಾತಾಡಬೇಕು, ಯಾವ ದಾರಿ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಅದೇ. ಪೆಟ್ಟಿಗೆ ಬಿಚ್ಚಿದ ದಿನ ಪ್ರತಿಯೊಂದು ಉಪಕರಣವೂ ತನ್ನ ಹೊಟ್ಟೆಯೊಳಗೇ ಒಂದೆರಡು ಖಾತೆಗಳನ್ನು ಇಟ್ಟುಕೊಂಡು ಬರುತ್ತದೆ. ಅಳವಡಿಸಲು ಬಂದ ಎಂಜಿನಿಯರ್ ಅದಕ್ಕೊಂದು ಪಾಸ್‌ವರ್ಡ್ ಹಾಕುತ್ತಾನೆ; ಹತ್ತು ಉಪಕರಣ ಇದ್ದರೆ ಹತ್ತಕ್ಕೂ ಅದನ್ನೇ ಹಾಕುತ್ತಾನೆ, ಯಾಕೆಂದರೆ ಹತ್ತನ್ನು ನೆನಪಿಟ್ಟುಕೊಳ್ಳುವುದು ಯಾರಿಂದಲೂ ಆಗುವುದಿಲ್ಲ. ಆಮೇಲೆ ಅದು ಕಚೇರಿಯ ನಾಲ್ಕು ಜನಕ್ಕೆ, ನಿರ್ವಹಣೆಯ ಗುತ್ತಿಗೆದಾರನಿಗೆ, ಅವನ ಹುಡುಗರಿಗೆ ಹರಡುತ್ತದೆ. ಎಲ್ಲರೂ ‘ಅಡ್ಮಿನ್’ ಎಂಬ ಒಂದೇ ಹೆಸರಿನಲ್ಲಿ ಒಳಗೆ ಹೋಗುತ್ತಾರೆ. ಇನ್ನು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಹಾಗೇ ಬಿಟ್ಟವರ ಕಥೆ 2016ರಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು. ಮಿರಾಯ್ ಎಂಬ ಕುತಂತ್ರಾಂಶ ಅಂಥ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿಯೊಂದನ್ನು ಹಿಡಿದುಕೊಂಡು ಲಕ್ಷಾಂತರ ಕ್ಯಾಮೆರಾ, ರೂಟರುಗಳ ಒಳಗೆ ನುಗ್ಗಿತು. ಆ ಅಕ್ಟೋಬರ್ 21ರಂದು ಅವನ್ನೆಲ್ಲ ಬಳಸಿಕೊಂಡು ನಡೆದ ದಾಳಿಗೆ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಸಿಗದಂತಾದವು.

ಇದಕ್ಕೆ ಮದ್ದು ಸುಮಾರು 40 ವರ್ಷ ಹಳೆಯದು, ಮತ್ತು ನೌಕಾನೆಲೆಯ ನೆರೆಯವರು ಗಮನಿಸಬೇಕಾದ ಸಂಗತಿಯೆಂದರೆ ಅದು ಹುಟ್ಟಿದ್ದೂ ಸೇನೆಯ ಅಗತ್ಯದಿಂದಲೇ. 1983ರಲ್ಲಿ, ಇಂಟರ್ನೆಟ್ಟಿನ ಪೂರ್ವಜವಾದ ಅಮೆರಿಕದ ಅರ್ಪಾನೆಟ್‌ನಿಂದ ಸೇನೆಯ ಪಾಲನ್ನು ಬೇರ್ಪಡಿಸಿ ಮಿಲ್‌ನೆಟ್ ಮಾಡಿದರು. ದೂರದಿಂದ ಫೋನ್ ಮಾಡಿ ಈ ಜಾಲಕ್ಕೆ ಸೇರಲು ಅಲ್ಲಲ್ಲಿ ಟ್ಯಾಕ್ ಎಂದು ಕರೆಯುವ ಪೆಟ್ಟಿಗೆಗಳಿದ್ದವು. ಫೋನ್ ನಂಬರು ಗೊತ್ತಿದ್ದವನಿಗೆ ಬಾಗಿಲು ತೆರೆದಂತೆಯೇ. ಒಂದೊಂದು ಪೆಟ್ಟಿಗೆಯಲ್ಲೂ ಹೆಸರಿನ ಪಟ್ಟಿ ಇಡುವ ಬದಲು, ಪಟ್ಟಿಯನ್ನು ಒಂದೆಡೆ ಇಟ್ಟು ಪೆಟ್ಟಿಗೆಗಳೇ ಅಲ್ಲಿಗೆ ವಿಚಾರಿಸುವ ಏರ್ಪಾಟನ್ನು ಬಿಬಿಎನ್ ಸಂಸ್ಥೆ 1984ರಲ್ಲಿ ರೂಪಿಸಿತು. ಅದೇ ಟ್ಯಾಕಾಕ್ಸ್. ಅದನ್ನು ಸಿಸ್ಕೊ ಕಂಪನಿ ತಿದ್ದಿ ತೀಡಿ 1993ರ ಹೊತ್ತಿಗೆ ಟ್ಯಾಕಾಕ್ಸ್ ಪ್ಲಸ್ ಮಾಡಿತು. ಇನ್ನೊಂದು ಕವಲು ರೇಡಿಯಸ್: 1991ರಲ್ಲಿ ಲಿವಿಂಗ್‌ಸ್ಟನ್ ಎಂಬ ಕಂಪನಿ ಡಯಲ್-ಅಪ್ ಗಿರಾಕಿಗಳಿಗಾಗಿ ಮಾಡಿದ್ದು. ಇಂದು ಕಾಲೇಜಿನ ಅಥವಾ ದೊಡ್ಡ ಕಚೇರಿಯ ವೈಫೈಗೆ ನಿಮ್ಮದೇ ಹೆಸರು ಕೊಟ್ಟು ಸೇರುವಾಗ ಬಹುಮಟ್ಟಿಗೆ ಹಿಂದೆ ಕೆಲಸ ಮಾಡುವುದು ಅದೇ. ಜಾಲವನ್ನು ಬಳಸುವವರಿಗೆ ರೇಡಿಯಸ್, ಜಾಲವನ್ನು ನಡೆಸುವವರಿಗೆ ಟ್ಯಾಕಾಕ್ಸ್ ಪ್ಲಸ್ ಎಂಬುದು ಸ್ಥೂಲ ವಿಂಗಡಣೆ.

ನಡೆಸುವವರ ವಿಷಯಕ್ಕೇ ಬರೋಣ, ನಮ್ಮ ಮಾತು ಅವರದ್ದೇ. ಎಂಜಿನಿಯರೊಬ್ಬ ಲ್ಯಾಪ್‌ಟಾಪಿನಿಂದ ಒಂದು ಸ್ವಿಚ್ಚಿಗೆ ಲಾಗಿನ್ ಆಗಲು ಹೋದ ಎನ್ನಿ. ಸ್ವಿಚ್ಚು ತನ್ನ ಹೊಟ್ಟೆಯೊಳಗೆ ಹುಡುಕುವುದಿಲ್ಲ. ಅವನು ಕೊಟ್ಟ ಹೆಸರು, ಪಾಸ್‌ವರ್ಡನ್ನು 49ನೇ ಟಿಸಿಪಿ ಪೋರ್ಟಿನ ಮೂಲಕ ಹೆಸರಿನ ಪಟ್ಟಿ ಇರುವ ಸರ್ವರಿಗೆ ಒಪ್ಪಿಸಿ ‘ಇವನು ಹೌದೇ’ ಎಂದು ಕೇಳುತ್ತದೆ. ಹೌದು ಎಂಬ ಉತ್ತರ ಬಂದಮೇಲೆ ಒಳಗೆ ಬಿಡುತ್ತದೆ. ಅಲ್ಲಿಗೇ ಮುಗಿಯಲಿಲ್ಲ. ಅವನು ‘ಶೋ ರನ್ನಿಂಗ್-ಕಾನ್ಫಿಗ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ, ಅಂದರೆ ಈಗಿರುವ ಸಂರಚನೆ ತೋರಿಸು ಎಂದರೆ, ಸ್ವಿಚ್ಚು ಮತ್ತೆ ಸರ್ವರನ್ನು ಕೇಳುತ್ತದೆ: ಇವನು ಇದನ್ನು ಮಾಡಬಹುದೇ? ನೋಡುವ ಅಧಿಕಾರ ಮಾತ್ರ ಇರುವವನು ‘ರಿಲೋಡ್’ ಎಂದು ಉಪಕರಣವನ್ನು ಮರುಚಾಲೂ ಮಾಡಲು ಹೋದರೆ ಅಧಿಕಾರ ಇಲ್ಲ ಎಂಬ ಸಾಲೊಂದು ಪರದೆಯ ಮೇಲೆ ಬೀಳುತ್ತದೆ, ಸ್ವಿಚ್ಚು ಅಲುಗಾಡುವುದಿಲ್ಲ. ಈ ಪ್ರಶ್ನೋತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವುದರಿಂದ ಟೈಪ್ ಮಾಡುವವನಿಗೆ ಗೊತ್ತೂ ಆಗುವುದಿಲ್ಲ. ಯಾವ ದಿನ, ಎಷ್ಟು ಗಂಟೆ, ಯಾರು, ಯಾವ ವಿಳಾಸದಿಂದ, ಯಾವ ಉಪಕರಣಕ್ಕೆ, ಯಾವ ಆಜ್ಞೆ ಕೊಟ್ಟರು ಎಂಬ ಸಾಲೊಂದು ಸರ್ವರಿನಲ್ಲಿ ಉಳಿಯುತ್ತದೆ. ಬಿಣಗಾದ ಯಾವುದೇ ಗೇಟಿನಲ್ಲಿ ನಿಂತ ಕಾವಲುಗಾರ ಪಾಸನ್ನು ತಾನೇ ಬರೆದುಕೊಡುವುದಿಲ್ಲ. ಪಾಸ್ ಸೆಕ್ಷನ್ನಿನಲ್ಲಿ ಮಾಡಿದ ಪಾಸನ್ನು ನೋಡುತ್ತಾನೆ, ವಹಿಯಲ್ಲಿ ಬರೆದುಕೊಳ್ಳುತ್ತಾನೆ. ಸ್ವಿಚ್ಚೂ ಅಷ್ಟೇ ಮಾಡುತ್ತಿದೆ.

ಈ ವ್ಯವಸ್ಥೆಯನ್ನು ಮಾರಲು ಬರುವವರು ಸಾಮಾನ್ಯವಾಗಿ ಅನುಕೂಲದ ಮಾತಾಡುತ್ತಾರೆ. ಒಬ್ಬೊಬ್ಬರಿಗೆ ನೂರು ಉಪಕರಣಕ್ಕೂ ತಮ್ಮದೇ ಒಂದು ಪಾಸ್‌ವರ್ಡ್ ಸಾಕು, ಹೊಸಬರನ್ನು ಸೇರಿಸುವುದು ಸಲೀಸು, ಹೀಗೆ. ಅದೆಲ್ಲ ನಿಜವೇ. ಆದರೆ ಇದರ ಬೆಲೆ ತಿಳಿಯುವುದು ಒಬ್ಬ ಮನುಷ್ಯ ಕೆಲಸಕ್ಕೆ ಸೇರಿದ ದಿನ ಅಲ್ಲ, ಬಿಟ್ಟುಹೋದ ದಿನ. ಸೇರುವವನಿಗೆ ಪಾಸ್‌ವರ್ಡ್ ಸಿಗದಿದ್ದರೆ ಅವನೇ ನಾಲ್ಕು ಸಲ ಫೋನ್ ಮಾಡಿ ಕೇಳುತ್ತಾನೆ. ಹೋದವನ ಪಾಸ್‌ವರ್ಡ್ ಉಳಿದುಹೋದರೆ ಕೇಳುವವರು ಯಾರೂ ಇಲ್ಲ. ಈ ಕರಾವಳಿಯ ದೊಡ್ಡ ಸಂಸ್ಥೆಗಳಲ್ಲಿ ಹಲವು ವರ್ಗಾವಣೆಯ ಮೇಲೆ ನಡೆಯುವಂಥವು. ನೌಕಾಪಡೆಯವರು ಎರಡು ಮೂರು ವರ್ಷಕ್ಕೆ ಊರು ಬದಲಿಸುತ್ತಾರೆ. ಬ್ಯಾಂಕಿನವರಿಗೂ ರೈಲ್ವೆಯವರಿಗೂ ವರ್ಗಾವಣೆ ಇದ್ದದ್ದೇ. ಅವರ ಹಿಂದೆ ಗುತ್ತಿಗೆಯ ಸೇನೆ: ಕೇಬಲ್ ಎಳೆಯುವವರು, ಸ್ವಿಚ್ಚು ಕೂರಿಸುವವರು, ವಾರ್ಷಿಕ ನಿರ್ವಹಣೆಗೆಂದು ಹುಬ್ಬಳ್ಳಿಯಿಂದಲೋ ಗೋವೆಯಿಂದಲೋ ಬಂದು ಹೋಗುವವರು. ಇಂಥ ಕಡೆ ಪ್ರತಿ ಉಪಕರಣದಲ್ಲೂ ಬೇರೆ ಬೇರೆ ಖಾತೆ ಇದ್ದರೆ, ಒಬ್ಬ ಹೋದಾಗ ಅಷ್ಟೂ ಉಪಕರಣಗಳಿಗೆ ಹೋಗಿ ಅಳಿಸಬೇಕು. ಹಂಚಿಕೊಂಡ ಒಂದೇ ಖಾತೆ ಇದ್ದರೆ ಅಳಿಸುವುದೂ ಸಾಧ್ಯವಿಲ್ಲ, ಉಳಿದವರೆಲ್ಲರ ಪಾಸ್‌ವರ್ಡ್ ಬದಲಿಸಬೇಕು. ಯಾರೂ ಬದಲಿಸುವುದಿಲ್ಲ. ಕೇಂದ್ರ ಸರ್ವರ್ ಇದ್ದಲ್ಲಿ ಇದು ಒಂದು ಕ್ಲಿಕ್ಕಿನ ಕೆಲಸ, ಅಥವಾ ಮೊದಲೇ ಗೊತ್ತುಮಾಡಿದ ತಾರೀಕಿಗೆ ತಾನೇ ಆಗಿಹೋಗುವ ಕೆಲಸ.

ಹೋದವರು ಏನು ಮಾಡಬಹುದು ಎಂಬುದಕ್ಕೆ ಅತ್ಯಂತ ಕೊಳಕು ಉದಾಹರಣೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನದು. ಕೊಳಕು ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಿ. ಮರೂಚಿ ಎಂಬಲ್ಲಿಯ ಒಳಚರಂಡಿ ಪಂಪ್‌ಹೌಸುಗಳನ್ನು ರೇಡಿಯೊ ಮೂಲಕ ನಿಯಂತ್ರಿಸುವ ವ್ಯವಸ್ಥೆಯನ್ನು ಖಾಸಗಿ ಗುತ್ತಿಗೆದಾರ ಕಂಪನಿಯೊಂದು ಕೂರಿಸಿತ್ತು. ಆ ಕಂಪನಿಯ ಕೆಲಸ ಬಿಟ್ಟ ಎಂಜಿನಿಯರೊಬ್ಬ ಸ್ಥಳೀಯ ಆಡಳಿತದಲ್ಲಿ ನೌಕರಿ ಕೇಳಿದ, ಸಿಗಲಿಲ್ಲ. 2000ದ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅವನು ಕಾರಿನಲ್ಲಿ ಲ್ಯಾಪ್‌ಟಾಪು, ರೇಡಿಯೊ ಇಟ್ಟುಕೊಂಡು ತಿರುಗುತ್ತ ಪಂಪುಗಳಿಗೆ ತಪ್ಪು ಆಜ್ಞೆ ಕಳಿಸಿದ. ಸುಮಾರು 8 ಲಕ್ಷ ಲೀಟರ್ ಹೊಲಸು ನೀರು ಉದ್ಯಾನ, ಹೊಳೆ, ಹೋಟೆಲಿನ ಅಂಗಳಕ್ಕೆಲ್ಲ ಹರಿಯಿತು. ಅವನಿಗೆ ಎರಡು ವರ್ಷ ಜೈಲಾಯಿತು. ಪಂಪುಗಳು ಯಾಕೆ ಕೆಡುತ್ತಿವೆ ಎಂದು ಆಡಳಿತಕ್ಕೆ ತಿಂಗಳುಗಟ್ಟಲೆ ತಿಳಿಯಲಿಲ್ಲ ಎಂಬುದೇ ಇದರಲ್ಲಿ ಮುಖ್ಯ. ಆಜ್ಞೆ ಕೊಟ್ಟವನು ಯಾರು ಎಂದು ಪಂಪು ಕೇಳುತ್ತಿರಲಿಲ್ಲ. ಹಾಗಾಗಿ ಬರೆದಿಡಲು ಹೆಸರೂ ಇರಲಿಲ್ಲ. ಪಂಪು ರೂಟರಲ್ಲ, ನಿಜ. ಆದರೆ ಅದರ ಜಾಗದಲ್ಲಿ ಕಾರ್ಖಾನೆಯ ನಿಯಂತ್ರಣ ಕೊಠಡಿಗೂ ಯಂತ್ರಗಳಿಗೂ ನಡುವೆ ಕೂತ ಸ್ವಿಚ್ಚನ್ನು ಇಟ್ಟು ನೋಡಿದರೆ, ಕ್ಲೋರಿನ್ ತಯಾರಾಗುವ ಊರಿನಲ್ಲಿ ಈ ಪ್ರಶ್ನೆಯ ತೂಕ ತಾನಾಗಿ ತಿಳಿಯುತ್ತದೆ.

ದೊಡ್ಡವರು ಹುಷಾರಾಗಿರುತ್ತಾರೆ ಎಂದುಕೊಳ್ಳುವ ಹಾಗೂ ಇಲ್ಲ. ಟ್ಯಾಕಾಕ್ಸ್ ಪ್ಲಸ್ ಅನ್ನು ಜಗತ್ತಿಗೆ ಕೊಟ್ಟ ಸಿಸ್ಕೊದಲ್ಲೇ 2018ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟುಹೋದ ಎಂಜಿನಿಯರೊಬ್ಬ ಸೆಪ್ಟೆಂಬರಿನಲ್ಲಿ ಕಂಪನಿಯ ಕ್ಲೌಡ್ ವ್ಯವಸ್ಥೆಯೊಳಗೆ ಮತ್ತೆ ಹೊಕ್ಕು 456 ವರ್ಚುವಲ್ ಯಂತ್ರಗಳನ್ನು ಅಳಿಸಿಹಾಕಿದ. ಕಂಪನಿಯ ಆನ್‌ಲೈನ್ ಸಭೆಯ ಸೇವೆ ವೆಬೆಕ್ಸ್ ಟೀಮ್ಸ್‌ನ 16,000ಕ್ಕೂ ಹೆಚ್ಚು ಖಾತೆಗಳು ಎರಡು ವಾರದ ತನಕ ಮುಚ್ಚಿದ್ದವು; 2020ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯಾಲಯ ಅವನಿಗೆ ಎರಡು ವರ್ಷ ಶಿಕ್ಷೆ ವಿಧಿಸಿತು. ಬೀಗ ಮಾಡುವ ಕಮ್ಮಾರನ ಮನೆಯಲ್ಲೇ ಹಳೆಯ ಕೀಲಿ ಉಳಿದುಹೋಗಿತ್ತು. 2021ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಪೆಟ್ರೋಲು, ಡೀಸೆಲ್ ಸಾಗಿಸುವ 5,500 ಮೈಲಿಯ ಕಲೋನಿಯಲ್ ಪೈಪ್‌ಲೈನ್ ಹಲವು ದಿನ ನಿಂತುಹೋಯಿತಲ್ಲ, ಅದರ ಮೂಲವೂ ಬಳಕೆಯಲ್ಲೇ ಇಲ್ಲದ, ಆದರೆ ಯಾರೂ ಮುಚ್ಚಿರದ ಒಂದು ವಿಪಿಎನ್ ಖಾತೆ, ಅಂದರೆ ದೂರದಿಂದ ಕಂಪನಿಯ ಜಾಲದೊಳಗೆ ಬರುವ ದಾರಿ. ಅದಕ್ಕೆ ಪಾಸ್‌ವರ್ಡ್ ಒಂದೇ ಕಾವಲು. ಒಟಿಪಿಯಂಥ ಎರಡನೆಯ ತಪಾಸಣೆ ಇರಲಿಲ್ಲ. ಕಂಪನಿಯ ಮುಖ್ಯಸ್ಥರೇ ಸೆನೆಟ್ ಸಮಿತಿಯ ಮುಂದೆ ಕೂತು ಇದನ್ನು ಒಪ್ಪಿಕೊಂಡರು. ಖಾತೆಗಳ ಪಟ್ಟಿ ಹತ್ತು ಕಡೆ ಹರಡಿಕೊಂಡಿದ್ದರೆ ಇಂಥ ಸತ್ತ ಖಾತೆ ಕಣ್ಣಿಗೇ ಬೀಳುವುದಿಲ್ಲ. ಒಂದೇ ಪಟ್ಟಿ ಇದ್ದು, ಮೂರು ತಿಂಗಳಿಂದ ಬಳಸದ ಖಾತೆಗಳನ್ನು ತೋರಿಸು ಎಂದು ಕೇಳುವ ಅಭ್ಯಾಸ ಇದ್ದರೆ ಅದು ಹತ್ತು ನಿಮಿಷದ ಕೆಲಸ.

ಇದಕ್ಕೆ ಈ ಭಾಗದಲ್ಲಿ ಸುಲಭವಾಗಿ ಬರುವ ಮೊದಲ ಆಕ್ಷೇಪ ಗೋಡೆಯದ್ದೇ. ನಮ್ಮ ಜಾಲ ಹೊರಗಿನ ಇಂಟರ್ನೆಟ್ಟಿಗೆ ತಾಗಿಯೇ ಇಲ್ಲ, ಒಳಗೆ ಬರುವವರನ್ನೆಲ್ಲ ಗೇಟಿನಲ್ಲೇ ಜಾಲಾಡಿ ಬಿಡುತ್ತೇವೆ, ಆಮೇಲೆ ಒಂದೊಂದು ಸ್ವಿಚ್ಚಿಗೂ ಇಷ್ಟು ಕಟ್ಟುನಿಟ್ಟು ಯಾಕೆ? ಬೇರ್ಪಟ್ಟ ಜಾಲ ದೊಡ್ಡ ರಕ್ಷಣೆಯೇ, ಅನುಮಾನ ಬೇಡ. 2019ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಕಂಪ್ಯೂಟರೊಂದರಲ್ಲಿ ಕುತಂತ್ರಾಂಶ ಸಿಕ್ಕಿತು. ಕೈಗಾವನ್ನೂ ನಡೆಸುವ ಅಣು ವಿದ್ಯುತ್ ನಿಗಮ ಅಕ್ಟೋಬರ್ 30ರಂದು ಅದನ್ನು ಒಪ್ಪಿಕೊಂಡಿತು. ಸೋಂಕು ತಗುಲಿದ್ದು ಆಡಳಿತದ ಕೆಲಸಕ್ಕೆ ಬಳಸುವ, ಇಂಟರ್ನೆಟ್ ಇರುವ ಜಾಲದ ಯಂತ್ರಕ್ಕೆ, ಸ್ಥಾವರದ ಮುಖ್ಯ ಒಳಜಾಲ ಇದರಿಂದ ಬೇರೆಯಾಗಿಯೇ ಇದೆ ಎಂದಿತು. ಗೋಡೆ ತನ್ನ ಕೆಲಸ ಮಾಡಿತು. ಆದರೆ ಗೋಡೆ ಕಾಯುವುದು ಹೊರಗಿನವರಿಂದ. ಮೇಲೆ ಹೇಳಿದ ಪ್ರಕರಣಗಳಲ್ಲಿ ಹಾನಿ ಮಾಡಿದ ಎಂಜಿನಿಯರುಗಳಿಬ್ಬರೂ ಒಂದು ಕಾಲದಲ್ಲಿ ಒಳಗಿನವರೇ, ವ್ಯವಸ್ಥೆಯ ಮೂಲೆ ಮೂಲೆ ಬಲ್ಲವರು. ಹೊರಗಿನ ಗೋಡೆ ಎತ್ತರವಾದಷ್ಟೂ ಒಳಗಿನ ಬಾಗಿಲುಗಳನ್ನು ತೆರೆದಿಡುವ ಅಸಡ್ಡೆ ಬೆಳೆಯುತ್ತದೆ ಎಂಬುದು ನನ್ನ ಅನಿಸಿಕೆ. ಒಮ್ಮೆ ಒಳಗೆ ಬಂದವನಿಗೆ ಎಲ್ಲ ಸ್ವಿಚ್ಚಿನ ಎಲ್ಲ ಅಧಿಕಾರವೂ ಸಿಗುವಂತಿದ್ದರೆ ಗೇಟಿನ ತಪಾಸಣೆ ಬರೀ ಮೊದಲ ಪ್ರಶ್ನೆಗೆ ಉತ್ತರ; ಎಲ್ಲಿಯ ತನಕ, ಎಷ್ಟು ಹೊತ್ತಿಗೆ ಏನು ಮಾಡಿದೆ ಎಂಬೆರಡು ಹಾಗೇ ಉಳಿಯುತ್ತವೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಮಳೆಗಾಲ ಕಂಡವರಿಗೆ ಬೇಗ ಅರ್ಥವಾಗುವಂಥದ್ದು. ಎಲ್ಲ ಉಪಕರಣವೂ ಎಲ್ಲೋ ಬೆಂಗಳೂರಿನಲ್ಲಿರುವ ಸರ್ವರನ್ನು ಕೇಳಿಯೇ ಬಾಗಿಲು ತೆರೆಯುವುದಾದರೆ, ಮಧ್ಯೆ ತಂತಿ ಕಡಿದಾಗ ಏನು ಗತಿ? 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದಾಯಿತು. ಮೂರು ವಾರದಲ್ಲೇ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಒಂದು ಕಡೆ ಘಟ್ಟ, ಒಂದು ಕಡೆ ಕಡಲು, ನಡುವಿನ ಸಣ್ಣ ಪಟ್ಟಿಯಲ್ಲೇ ರಸ್ತೆ, ರೈಲು, ಕೇಬಲ್ಲು ಎಲ್ಲ ಹಾಯಬೇಕಾದ ಊರು ಇದು. ಜಾಲ ಕೆಟ್ಟ ಹೊತ್ತಿನಲ್ಲೇ ಜಾಲದ ಎಂಜಿನಿಯರಿಗೆ ಉಪಕರಣದ ಒಳಗೆ ಹೋಗುವ ಜರೂರು. ಜಾಲ ಕೆಟ್ಟಿರುವುದರಿಂದಲೇ ಒಳಗೆ ಹೋಗಲಾಗದಿದ್ದರೆ ಅದಕ್ಕಿಂತ ಫಜೀತಿ ಇಲ್ಲ. ಫೇಸ್‌ಬುಕ್ಕಿಗೆ 2021ರ ಅಕ್ಟೋಬರ್ 4ರಂದು ಹೆಚ್ಚುಕಡಿಮೆ ಇದೇ ಆಯಿತು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆ ಇಡೀ ಬೆನ್ನೆಲುಬಿನ ಜಾಲವನ್ನೇ ಕೆಡವಿತು. ತಪ್ಪು ಆಜ್ಞೆಯನ್ನು ತಡೆಯಬೇಕಿದ್ದ ತಂತ್ರಾಂಶದಲ್ಲೇ ದೋಷವಿತ್ತು. ಸರಿಪಡಿಸಲು ಬೇಕಾದ ಒಳಗಿನ ಸಲಕರಣೆಗಳೂ ಅದೇ ಜಾಲವನ್ನು ನೆಚ್ಚಿಕೊಂಡಿದ್ದರಿಂದ ಎಂಜಿನಿಯರುಗಳು ಖುದ್ದಾಗಿ ಡೇಟಾ ಸೆಂಟರಿಗೆ ಹೋಗಬೇಕಾಯಿತು, ಅಲ್ಲಿಯ ಭದ್ರತೆ ದಾಟುವುದಕ್ಕೇ ಹೊತ್ತು ಹಿಡಿಯಿತು. ಸುಮಾರು ಆರು ಗಂಟೆ ಜಗತ್ತಿನಾದ್ಯಂತ ಫೇಸ್‌ಬುಕ್, ವಾಟ್ಸ್ಆ್ಯಪ್ ಇಲ್ಲ.

ಈ ಆಕ್ಷೇಪವನ್ನು ತಳ್ಳಿಹಾಕಬಾರದು, ವಿನ್ಯಾಸದಲ್ಲೇ ಅದಕ್ಕೆ ಜಾಗ ಕೊಡಬೇಕು. ಸರ್ವರ್ ಒಂದಲ್ಲ, ಎರಡಾದರೂ ಇರಬೇಕು, ಮತ್ತು ಒಂದು ಗುಡ್ಡದ ಈಚೆಗಿರಬೇಕು. ಉಪಕರಣಗಳಲ್ಲಿ ಕೇಳುವ ಸರದಿ ಬರೆದಿಡಲು ಬರುತ್ತದೆ: ಮೊದಲು ಈ ಸರ್ವರ್, ಆಮೇಲೆ ಆ ಸರ್ವರ್, ಎರಡೂ ಮಾತಾಡದಿದ್ದರೆ ಮಾತ್ರ ನಿನ್ನ ಹೊಟ್ಟೆಯಲ್ಲಿರುವ ಒಂದೇ ಒಂದು ತುರ್ತು ಖಾತೆ. ಇಲ್ಲೊಂದು ಸೂಕ್ಷ್ಮವಿದೆ, ಹೊಸಬರು ಎಡವುವುದು ಇಲ್ಲೇ. ಸರ್ವರ್ ‘ಇವನು ಅಲ್ಲ’ ಎಂದರೆ ಹೆಚ್ಚಿನ ಉಪಕರಣಗಳು ಅಲ್ಲಿಗೇ ನಿಲ್ಲಿಸುತ್ತವೆ, ತುರ್ತು ಖಾತೆಯ ತನಕ ಹೋಗುವುದಿಲ್ಲ. ಸರ್ವರ್ ಉತ್ತರವನ್ನೇ ಕೊಡದಿದ್ದಾಗ ಮಾತ್ರ ಆ ದಾರಿ ತೆರೆಯುತ್ತದೆ. ಹಾಗಾಗಿ ತುರ್ತು ಖಾತೆ ಹಿಂಬಾಗಿಲಾಗುವುದಿಲ್ಲ. ಅದರ ಪಾಸ್‌ವರ್ಡ್ ಪ್ರತಿ ಉಪಕರಣಕ್ಕೂ ಬೇರೆ ಇರಬೇಕು, ಮೊಹರು ಮಾಡಿದ ಲಕೋಟೆಯಲ್ಲಿ ಜವಾಬ್ದಾರಿಯುತ ಅಧಿಕಾರಿಯ ಕಪಾಟಿನಲ್ಲಿರಬೇಕು, ಒಡೆದ ದಿನವೇ ಬದಲಾಗಬೇಕು. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ಸರ್ವರಿನ ತಂತಿ ಕಿತ್ತು ಈ ಲಕೋಟೆ ಕೆಲಸ ಮಾಡುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳದಿದ್ದರೆ ಅದು ಬರೀ ಕಾಗದ.

ಎಲ್ಲ ಹೆಸರನ್ನೂ ಒಂದೇ ಕಡೆ ಇಟ್ಟರೆ ಕಳ್ಳನಿಗೂ ಕೆಲಸ ಸಲೀಸಲ್ಲವೇ ಎಂಬುದು ಮೂರನೆಯ ತಕರಾರು. ಹೌದು, ಸಲೀಸೇ. 2025ರ ಜೂನ್, ಜುಲೈನಲ್ಲಿ ಸಿಸ್ಕೊದ ಐಎಸ್‌ಇ ಎಂಬ, ಇದೇ ಕೆಲಸಕ್ಕೆ ಬಹಳ ಕಡೆ ಬಳಸುವ ಸರ್ವರ್ ತಂತ್ರಾಂಶದಲ್ಲಿ, ಪಾಸ್‌ವರ್ಡೇ ಇಲ್ಲದೆ ಒಳಹೊಕ್ಕು ಪೂರ್ಣ ಅಧಿಕಾರ ಪಡೆಯಬಹುದಾದ ಬಿರುಕುಗಳು ಹೊರಬಿದ್ದವು. ತೀವ್ರತೆಯ ಅಳತೆಯಲ್ಲಿ ಅವಕ್ಕೆ 10ಕ್ಕೆ 10. 2024ರ ಜುಲೈನಲ್ಲಿ ಸಂಶೋಧಕರ ತಂಡವೊಂದು ರೇಡಿಯಸ್‌ನ ಬುಡವನ್ನೇ ಅಲ್ಲಾಡಿಸಿತ್ತು: ನಡುದಾರಿಯಲ್ಲಿ ಕೂತವನು ‘ಬೇಡ’ ಎಂಬ ಉತ್ತರವನ್ನು ‘ಬಿಡು’ ಎಂದು ತಿದ್ದಿ ಕಳಿಸಬಹುದು ಎಂದು ತೋರಿಸಿತು. ಕಾರಣ, ರೇಡಿಯಸ್ ಇನ್ನೂ ನೆಚ್ಚಿಕೊಂಡಿರುವ ಎಂಡಿ5 ಎಂಬ ಹಳೆಯ ಗಣಿತ. ಟ್ಯಾಕಾಕ್ಸ್ ಪ್ಲಸ್ ಕೂಡ ಅದೇ ಎಂಡಿ5ರಿಂದ ಸಂದೇಶವನ್ನು ಮರೆಮಾಡುತ್ತದೆ. 2020ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಅದರ ಅಧಿಕೃತ ದಾಖಲೆಯೇ ಇದನ್ನು ಗೂಢಲಿಪಿ ಎಂದು ಕರೆಯಲು ಒಪ್ಪುವುದಿಲ್ಲ. ಇದರಿಂದ ಹೊರಡುವ ತೀರ್ಮಾನವೆಂದರೆ, ಈ ಸರ್ವರನ್ನು ಎಲ್ಲರೂ ಓಡಾಡುವ ಜಾಲದಲ್ಲಿ ಇಡಬಾರದು, ಆಡಳಿತಕ್ಕೆಂದೇ ಬೇರೆ ಮಾಡಿದ ಜಾಲದಲ್ಲಿ ಇಡಬೇಕು, ತೇಪೆ ಬಂದ ವಾರದಲ್ಲೇ ಹಾಕಬೇಕು. ನೂರು ಉಪಕರಣಗಳಲ್ಲಿ ಚದುರಿದ ನೂರು ದುರ್ಬಲ ಪಟ್ಟಿಗಳನ್ನು ಕಾಯುವುದಕ್ಕಿಂತ ಒಂದು ಸರ್ವರನ್ನು ಕಾಯುವುದು ಕಷ್ಟ ಎಂದು ಹೇಳುವವರು ನೂರನ್ನೂ ಕಾಯುತ್ತಿದ್ದಾರೆಯೇ ಎಂದು ಕೇಳಿನೋಡಬೇಕು.

ಇನ್ನು ಮನುಷ್ಯರ ಸಂಕೋಚದ್ದು. ಇಪ್ಪತ್ತು ವರ್ಷ ದುಡಿದವರ ಪ್ರತಿ ಅಕ್ಷರವನ್ನೂ ಬರೆದಿಟ್ಟುಕೊಳ್ಳುವುದು ಅಪನಂಬಿಕೆಯಲ್ಲವೇ? ಕರ್ನಾಟಕ ಈ ಚರ್ಚೆಯನ್ನು ಬೇರೆ ವೇಷದಲ್ಲಿ ಒಮ್ಮೆ ಮುಗಿಸಿದೆ. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆಯಲ್ಲಿ, ದಾಖಲೆ ತಿದ್ದುವವರು ಪಾಸ್‌ವರ್ಡಿನ ಬದಲು ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕಿತ್ತು. ಯಾರ ಬೆರಳಿನಿಂದ ಯಾವ ತಿದ್ದುಪಡಿ ಆಯಿತು ಎಂಬುದು ಉಳಿಯುತ್ತಿತ್ತು, ಆಮೇಲೆ ‘ನಾನಲ್ಲ’ ಎನ್ನುವ ಹಾಗಿರಲಿಲ್ಲ. ಅದರ ಇನ್ನೊಂದು ಮುಖವನ್ನೂ ನೋಡಬೇಕು: ಮಾಡದ ತಿದ್ದುಪಡಿಯ ಆರೋಪ ಬಂದರೆ ‘ನಾನಲ್ಲ’ ಎನ್ನಲು ಪ್ರಾಮಾಣಿಕನಿಗೆ ಇದ್ದ ಸಾಕ್ಷಿಯೂ ಅದೇ. ಎಲ್ಲರೂ ‘ಅಡ್ಮಿನ್’ ಆಗಿರುವ ಕಡೆ ಒಬ್ಬ ಮಾಡಿದ ತಪ್ಪಿಗೆ ಐದು ಜನ ಅನುಮಾನಕ್ಕೆ ಒಳಗಾಗುತ್ತಾರೆ, ಸಾಮಾನ್ಯವಾಗಿ ಅವರಲ್ಲಿ ಅತ್ಯಂತ ಕಿರಿಯವನ ತಲೆಗೆ ಅದು ಬರುತ್ತದೆ. ಹಾಗಂತ ಯಂತ್ರ ಎಲ್ಲವನ್ನೂ ಸರಿಮಾಡುವುದಿಲ್ಲ. ಸಾಹೇಬರು ತಮ್ಮ ಡಿಜಿಟಲ್ ಸಹಿಯ ಡಾಂಗಲ್ಲನ್ನು ಆಪರೇಟರನ ಮೇಜಿನ ಮೇಲೆ ಬಿಟ್ಟು ಮೀಟಿಂಗಿಗೆ ಹೋಗುವ ಪದ್ಧತಿ ಇರುವ ಕಚೇರಿಯಲ್ಲಿ ಯಾವ ಸರ್ವರೂ ಏನೂ ಮಾಡಲಾರದು. ಆದರೆ ಆಗಲೂ ದಾಖಲೆಯಲ್ಲಿ ಉಳಿಯುವುದು ಸಾಹೇಬರ ಹೆಸರೇ.

ಹಾಗಾದರೆ ದಾಖಲೆ ಯಾರ ಕೈಯಲ್ಲಿರಬೇಕು? ಈ ಲೇಖನದಲ್ಲಿ ಅತ್ಯಂತ ಕಷ್ಟದ ಪ್ರಶ್ನೆ ಇದೇ. 2008ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತದ ಫೈಬರ್ ಜಾಲವನ್ನು ಕಟ್ಟಿ ನಡೆಸುತ್ತಿದ್ದ ಎಂಜಿನಿಯರ್ ಪಾಸ್‌ವರ್ಡ್‌ಗಳನ್ನು ಮೇಲಧಿಕಾರಿಗಳಿಗೆ ಕೊಡಲು ಒಪ್ಪಲಿಲ್ಲ. ಅವರಿಗೆ ಅದನ್ನು ನಡೆಸುವ ಯೋಗ್ಯತೆ ಇಲ್ಲ ಎಂಬುದು ಅವನ ವಾದ. ಜೈಲಿಗೆ ಹಾಕಿದರೂ ಬಾಯಿ ಬಿಡಲಿಲ್ಲ. ಕೊನೆಗೆ ಮೇಯರ್ ಗ್ಯಾವಿನ್ ನ್ಯೂಸಮ್ ಖುದ್ದಾಗಿ ಜೈಲಿಗೆ ಹೋದಾಗ ಅವರ ಕೈಗೇ ಕೊಟ್ಟ. ಅಷ್ಟು ದಿನವೂ ಜಾಲ ಮಾತ್ರ ಚೆನ್ನಾಗಿಯೇ ನಡೆಯುತ್ತಿತ್ತು ಎಂಬುದು ತಮಾಷೆ. 2010ರಲ್ಲಿ ಅವನಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ಕೇಂದ್ರ ಸರ್ವರ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹೇಳುವುದು ಸುಲಭ, ಆದರೆ ಅರ್ಧ ಸತ್ಯ. ಆ ಸರ್ವರಿನ ಕೀಲಿಯೂ ಅವನೊಬ್ಬನ ಕೈಯಲ್ಲೇ ಇರುತ್ತಿದ್ದರೆ ಏನು ಬದಲಾಗುತ್ತಿತ್ತು? ಉತ್ತರ ಕನ್ನಡದವರಿಗೆ ಇದನ್ನು ದೂರದ ಊರಿನಿಂದ ಕಲಿಯಬೇಕಾದ್ದಿಲ್ಲ. 2010ರಲ್ಲಿ ಅರಣ್ಯ ಇಲಾಖೆ ಅಂಕೋಲೆಯ ಬೇಲೆಕೇರಿಯಲ್ಲಿ ಜಪ್ತಿ ಮಾಡಿ ಬಂದರಿನ ಸುಪರ್ದಿಗೆ ಒಪ್ಪಿಸಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಅದೇ ಬಂದರಿನಿಂದ ಹಡಗೇರಿ ಹೊರಟುಹೋಯಿತು. 2011ರ ಲೋಕಾಯುಕ್ತ ವರದಿ ಅದನ್ನು ವಿವರವಾಗಿ ದಾಖಲಿಸಿದೆ. ಜಪ್ತಿಯ ಪಂಚನಾಮೆ ಇತ್ತು, ಮೊಹರಿತ್ತು, ಲೆಕ್ಕವೂ ಇತ್ತು. ಕಾಯುವ ಜಾಗವೂ ಸಾಗಿಸುವ ಜಾಗವೂ ಒಂದೇ ಆಗಿತ್ತು.

ಅದಕ್ಕಾಗಿ ಟ್ಯಾಕಾಕ್ಸ್ ಸರ್ವರಿನಲ್ಲಿ ಬೀಳುವ ಸಾಲುಗಳು ಬಿದ್ದ ಕ್ಷಣವೇ ಇನ್ನೊಂದು ಯಂತ್ರಕ್ಕೆ ನಕಲಾಗಬೇಕು, ಮತ್ತು ಆ ಯಂತ್ರದಲ್ಲಿ ಅಳಿಸುವ ಅಧಿಕಾರ ಜಾಲ ನಡೆಸುವವರಿಗೆ ಇರಬಾರದು. ಲೆಕ್ಕಪರಿಶೋಧನೆಯವರಿಗೋ ಭದ್ರತಾ ವಿಭಾಗಕ್ಕೋ ಇರಲಿ. ಕಾನೂನು ಅರ್ಧ ದಾರಿ ಬಂದಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಿಡಬೇಕು, ಅನಾಹುತವಾದರೆ ಆರು ಗಂಟೆಯೊಳಗೆ ತಿಳಿಸಬೇಕು, ಎಲ್ಲ ಯಂತ್ರಗಳ ಗಡಿಯಾರವೂ ಅಧಿಕೃತ ಸಮಯಕ್ಕೆ ಹೊಂದಿಕೊಂಡಿರಬೇಕು. ಗಡಿಯಾರದ ಮಾತು ಕ್ಷುಲ್ಲಕ ಅನಿಸಬಹುದು. ಒಂದು ಸ್ವಿಚ್ಚು 1993ರಲ್ಲೇ ನಿಂತಿದ್ದು, ಇನ್ನೊಂದು ಹತ್ತು ನಿಮಿಷ ಮುಂದಿದ್ದರೆ, ಯಾರು ಮೊದಲು ಏನು ಮಾಡಿದರು ಎಂದು ಯಾವ ತನಿಖಾಧಿಕಾರಿಯೂ ಹೇಳಲಾರ. ಆದರೆ ಲಾಗ್ ಇಡಿ ಎಂದಷ್ಟೇ ಹೇಳಿದರೆ, ‘ಅಡ್ಮಿನ್ ಲಾಗಿನ್ ಆದ’ ಎಂಬ ಸಾಲನ್ನೇ 180 ದಿನ ಇಟ್ಟುಕೊಂಡು ನಿಯಮ ಪಾಲಿಸಿದೆವು ಎನ್ನಬಹುದು. ಹೆಸರಿಲ್ಲದ ಲಾಗ್ ಎಷ್ಟು ದಿನ ಇದ್ದರೂ ಒಂದೇ.

ಖರ್ಚಿನ ನೆಪ ಅಷ್ಟು ಗಟ್ಟಿಯಲ್ಲ. 1999ರಲ್ಲಿ ಶುರುವಾದ ಫ್ರೀರೇಡಿಯಸ್ ಪುಕ್ಕಟೆ ಸಿಗುತ್ತದೆ, ಟ್ಯಾಕಾಕ್ಸ್ ಪ್ಲಸ್‌ಗೂ ಮುಕ್ತ ತಂತ್ರಾಂಶಗಳಿವೆ, ಹತ್ತು ಹದಿನೈದು ಸ್ವಿಚ್ಚುಗಳಿರುವ ಕಾಲೇಜು, ಆಸ್ಪತ್ರೆ, ನಗರಸಭೆಗೆ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರು ಎರಡು ಸಾಕು. ಬೇಕಾದ್ದು ಅದನ್ನು ಬಲ್ಲ ಕೈ, ಮತ್ತು ಖರೀದಿಯ ಹೊತ್ತಿಗೇ ಅದನ್ನು ಕೇಳುವ ತಲೆ. ಕಾರವಾರದಲ್ಲೋ ಅಂಕೋಲೆಯಲ್ಲೋ ಮುಂದಿನ ಸಲ ಯಾವುದಾದರೂ ಕಚೇರಿ ನೆಟ್‌ವರ್ಕ್ ಕೆಲಸದ ಟೆಂಡರ್ ಕರೆಯುವಾಗ ಎಷ್ಟು ಪೋರ್ಟು, ಎಷ್ಟು ವರ್ಷ ವಾರಂಟಿ ಎಂಬುದರ ಕೆಳಗೆ ಇನ್ನೂ ಎರಡು ಷರತ್ತು ಬರೆಯಲಿ. ಗುತ್ತಿಗೆದಾರನ ಪ್ರತಿ ಎಂಜಿನಿಯರಿಗೂ ಅವನ ಹೆಸರಿನದೇ ಖಾತೆ, ಕರಾರಿನ ಕೊನೆಯ ತಾರೀಕಿಗೆ ಅದು ತಾನಾಗಿ ಮುಚ್ಚಬೇಕು. ಮತ್ತು ಕೊನೆಯ ಬಿಲ್ಲು ಪಾಸಾಗುವ ಮುಂಚೆ, ಯಾವ ಉಪಕರಣದೊಳಗೂ ಲಕೋಟೆಯ ಖಾತೆಯ ಹೊರತು ಬೇರೊಂದು ಖಾತೆ ಉಳಿದಿಲ್ಲ ಎಂದು ಕಚೇರಿಯ ಕಡೆಯವರೊಬ್ಬರು ತಾವೇ ಲಾಗಿನ್ ಆಗಿ ನೋಡಿ ಸಹಿ ಹಾಕಬೇಕು.